ನಿಮ್ಮ ಚಿತ್ರ ಯಾವ ವಯಸ್ಸಿನವರಿಗೆ? ಪ್ರಮಾಣಪತ್ರ ಪಡೆಯುವ ಹಾದಿ, ಹಂತ ಹಂತವಾಗಿ

ಮೊದಲ ಚಿತ್ರ ಮಾಡುತ್ತಿರುವ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿದೆ: ‘ಫಸ್ಟ್ ಕಾಪಿ ಸಿದ್ಧವಾಗಿದೆ, ಇನ್ನು ಸೆನ್ಸಾರ್ ಮಾಡಿಸಬೇಕು, ಯು/ಎ ಸಿಗಬೇಕಾದರೆ ಏನು ಮಾಡಬೇಕು?’ ಈ ಪ್ರಶ್ನೆ ಕೇಳುವ ಹೊತ್ತಿಗೆ ಹೆಚ್ಚಿನವರು ತಡಮಾಡಿಬಿಟ್ಟಿರುತ್ತಾರೆ. ಚಿತ್ರವನ್ನು ಯಾವ ವಯಸ್ಸಿನವರು ನೋಡಬಹುದು ಎಂಬ ತೀರ್ಮಾನದ ಬಹುಪಾಲು ಚಿತ್ರಕಥೆ ಬರೆಯುವ ಮೇಜಿನ ಮೇಲೆಯೇ ಆಗಿಹೋಗಿರುತ್ತದೆ. ಪ್ರಮಾಣಪತ್ರ ಕೊಡುವ ಮಂಡಳಿಯವರು ತೆರೆಯ ಮೇಲೆ ಕಂಡದ್ದಕ್ಕೆ ಹೆಸರಿಡುತ್ತಾರೆ. ಆದ್ದರಿಂದ ಈ ಲೇಖನದಲ್ಲಿ ಅರ್ಜಿ ಹಾಕುವ ಕ್ರಮವನ್ನಷ್ಟೇ ಹೇಳದೆ, ಅರ್ಜಿಗೂ ಬಹಳ ಮೊದಲು ನೀವು ಮಾಡಿಕೊಳ್ಳಬೇಕಾದ ಕೆಲಸವನ್ನೂ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮೊದಲು ತಿಳಿದಿರಬೇಕಾದದ್ದು

ಭಾರತದಲ್ಲಿ ಚಿತ್ರಮಂದಿರದಲ್ಲಿ ಸಾರ್ವಜನಿಕವಾಗಿ ತೋರಿಸುವ ಪ್ರತಿಯೊಂದು ಚಿತ್ರಕ್ಕೂ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಅಡಿಯಲ್ಲಿ ಪ್ರಮಾಣಪತ್ರ ಬೇಕು. ಅದನ್ನು ಕೊಡುವ ಸಂಸ್ಥೆ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ. ಇದರ ಕೇಂದ್ರ ಕಚೇರಿ ಮುಂಬೈಯಲ್ಲಿದ್ದು, ಬೆಂಗಳೂರು ಸೇರಿದಂತೆ ಒಂಬತ್ತು ಕಡೆ ಪ್ರಾದೇಶಿಕ ಕಚೇರಿಗಳಿವೆ. 1983ರವರೆಗೆ ಇದರ ಹೆಸರಿನಲ್ಲೇ ‘ಸೆನ್ಸಾರ್’ ಎಂಬ ಪದವಿತ್ತು. ಆ ವರ್ಷ ಅದನ್ನು ‘ಪ್ರಮಾಣೀಕರಣ’ ಎಂದು ಬದಲಾಯಿಸಿದರು. ನಮ್ಮ ಬಾಯಲ್ಲಿ ಇನ್ನೂ ಸೆನ್ಸಾರ್ ಎಂದೇ ಉಳಿದಿದೆ, ಇರಲಿ. ಆದರೆ ಹೆಸರು ಬದಲಾದುದರ ಹಿಂದಿನ ವಿಚಾರವನ್ನು ಮರೆಯಬೇಡಿ: ಮಂಡಳಿಯ ಮುಖ್ಯ ಕೆಲಸ ಕತ್ತರಿ ಹಾಕುವುದಲ್ಲ, ವಿಂಗಡಿಸುವುದು. ಕಾಯ್ದೆಯ ಪ್ರಕಾರ ಬದಲಾವಣೆ ಸೂಚಿಸುವ ಅಧಿಕಾರವೂ ಪ್ರಮಾಣಪತ್ರ ನಿರಾಕರಿಸುವ ಅಧಿಕಾರವೂ ಅದಕ್ಕೆ ಇವೆ ಎಂಬುದು ಬೇರೆ ಮಾತು.

ಈಗ ಜಾರಿಯಲ್ಲಿರುವ ವರ್ಗಗಳು ಹೀಗಿವೆ. ‘ಯು’ ಎಂದರೆ ಯಾವ ವಯಸ್ಸಿನವರೂ ನಿರ್ಬಂಧವಿಲ್ಲದೆ ನೋಡಬಹುದಾದ ಚಿತ್ರ. ‘ಯು/ಎ’ ಎಂದರೆ ಎಲ್ಲರೂ ನೋಡಬಹುದು, ಆದರೆ ನಮೂದಿಸಿದ ವಯಸ್ಸಿಗಿಂತ ಚಿಕ್ಕ ಮಕ್ಕಳ ವಿಷಯದಲ್ಲಿ ತಂದೆತಾಯಿ ಅಥವಾ ಪೋಷಕರು ಯೋಚಿಸಿ ನಿರ್ಧರಿಸಬೇಕು ಎಂದರ್ಥ. ಹಿಂದೆ ಈ ವರ್ಗ ಒಂದೇ ಆಗಿದ್ದು, 12 ವರ್ಷವನ್ನು ಗೆರೆಯಾಗಿ ಇಟ್ಟುಕೊಂಡಿತ್ತು. 2023ರ ತಿದ್ದುಪಡಿ ಕಾಯ್ದೆ ಅದನ್ನು ‘ಯು/ಎ 7+’, ‘ಯು/ಎ 13+’, ‘ಯು/ಎ 16+’ ಎಂದು ಮೂರಾಗಿ ಒಡೆಯಿತು. ‘ಎ’ ಎಂದರೆ 18 ವರ್ಷ ತುಂಬಿದವರಿಗೆ ಮಾತ್ರ. ‘ಎಸ್’ ಎಂಬುದು ವೈದ್ಯರು, ವಿಜ್ಞಾನಿಗಳಂಥ ಒಂದು ನಿರ್ದಿಷ್ಟ ವೃತ್ತಿಯ ಅಥವಾ ವರ್ಗದ ಜನರಿಗಷ್ಟೇ ತೋರಿಸುವ ಚಿತ್ರಗಳಿಗೆ ಸೇರಿದ್ದು. ನಿಮ್ಮಲ್ಲಿ ಹೆಚ್ಚಿನವರಿಗೆ ಅದರ ಸಂಬಂಧ ಬರುವುದೇ ಇಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಏಕೆಂದರೆ ನಿರ್ಮಾಪಕರೂ ಪ್ರೇಕ್ಷಕರೂ ಇದರಲ್ಲಿ ಒಂದೇ ರೀತಿ ಎಡವುತ್ತಾರೆ. ಯು/ಎ ಪಕ್ಕದ ಅಂಕಿ ಪೋಷಕರಿಗೆ ಕೊಟ್ಟ ತಿಳಿವಳಿಕೆ; ಅದನ್ನು ಜಾರಿಗೊಳಿಸುವ ಹಕ್ಕು ಪೋಷಕರ ಹೊರತು ಬೇರೆ ಯಾರಿಗೂ ಇಲ್ಲ ಎಂದು ತಿದ್ದುಪಡಿಯೇ ಹೇಳುತ್ತದೆ. ಹತ್ತು ವರ್ಷದ ಮಗುವನ್ನು ತಾಯಿ ‘ಯು/ಎ 13+’ ಚಿತ್ರಕ್ಕೆ ಕರೆದುಕೊಂಡು ಬಂದರೆ, ಬಾಗಿಲಲ್ಲಿ ನಿಂತವರು ಆ ಅಂಕಿಯನ್ನು ತೋರಿಸಿ ತಡೆಯುವಂತಿಲ್ಲ. ‘ಎ’ ಹಾಗಲ್ಲ. ಅದು ಕಾನೂನಿನ ತಡೆ. ಪೋಷಕರು ಒಪ್ಪಿದರೂ ಅಪ್ರಾಪ್ತ ವಯಸ್ಸಿನವರಿಗೆ ಆ ಚಿತ್ರ ತೋರಿಸುವುದು ಅಪರಾಧ. ಕಾಯ್ದೆಯ 7ನೇ ಕಲಮಿನಲ್ಲಿ ಇದಕ್ಕೆ ದಂಡನೆ ಇದೆ.

ಹಂತ 1: ನಿಮಗೆ ಪ್ರಮಾಣಪತ್ರ ಬೇಕೇ ಎಂದು ಖಚಿತಪಡಿಸಿಕೊಳ್ಳಿ

ಚಿತ್ರಮಂದಿರ ಅಥವಾ ದೂರದರ್ಶನ ವಾಹಿನಿ ನಿಮ್ಮ ಗುರಿಯಾಗಿದ್ದರೆ ಪ್ರಮಾಣಪತ್ರ ಬೇಕೇ ಬೇಕು. ಟ್ರೇಲರ್ ಮತ್ತು ಹಾಡಿನ ತುಣುಕನ್ನು ಚಿತ್ರಮಂದಿರದಲ್ಲಿ ಹಾಕಿಸುವುದಾದರೆ ಅವುಗಳಿಗೂ ಪ್ರತ್ಯೇಕವಾಗಿ ಬೇಕು. ಚಿತ್ರದ ಪ್ರಮಾಣಪತ್ರ ಅವಕ್ಕೆ ಅನ್ವಯಿಸುವುದಿಲ್ಲ. ಅಂತರಜಾಲಕ್ಕೆಂದೇ ಮಾಡಿದ ಕಿರುಚಿತ್ರಕ್ಕೆ ಈ ಮಂಡಳಿಯ ಪ್ರಮಾಣಪತ್ರ ಅಗತ್ಯವಿಲ್ಲ. ಚಿತ್ರೋತ್ಸವಗಳಲ್ಲಿ ತೋರಿಸಲು ಕಾಯ್ದೆಯ 9ನೇ ಕಲಮಿನಡಿ ಕೇಂದ್ರ ಸರ್ಕಾರ ವಿನಾಯಿತಿ ಕೊಡುವ ವ್ಯವಸ್ಥೆ ಇದೆ, ಅದನ್ನು ಸಾಮಾನ್ಯವಾಗಿ ಉತ್ಸವದ ಸಂಘಟಕರೇ ಪಡೆದುಕೊಳ್ಳುತ್ತಾರೆ. ಉತ್ಸವದಲ್ಲಿ ತೋರಿಸಿದ್ದೇವೆ, ಆದ್ದರಿಂದ ಬಿಡುಗಡೆಗೂ ಅದೇ ಸಾಕು ಎಂದು ತಿಳಿಯಬೇಡಿ. ವಿನಾಯಿತಿ ಆ ಉತ್ಸವದೊಂದಿಗೇ ಮುಗಿಯುತ್ತದೆ.

ಹಂತ 2: ಚಿತ್ರಕಥೆಯ ಮಟ್ಟದಲ್ಲೇ ವಯಸ್ಸನ್ನು ಗುರುತಿಸಿ

ಇಡೀ ಹಾದಿಯಲ್ಲಿ ಹೆಚ್ಚು ಶ್ರಮ ಹಾಕಬೇಕಾದ ಹಂತ ಇದೇ. ಇದಕ್ಕೆ ಶುಲ್ಕವಿಲ್ಲ, ಯಾರ ಅನುಮತಿಯೂ ಬೇಕಿಲ್ಲ. ಒಂದು ಪೆನ್ನು ಮತ್ತು ನಿಮ್ಮ ಚಿತ್ರಕಥೆಯ ಪ್ರತಿ ಇದ್ದರೆ ಸಾಕು.

ಚಿತ್ರಕಥೆಯನ್ನು ಮೊದಲಿನಿಂದ ಓದುತ್ತ ಏಳು ವಿಷಯಗಳನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ: ಕಥಾವಸ್ತು, ಹಿಂಸೆ, ನಗ್ನತೆ, ಲೈಂಗಿಕತೆ, ಭಾಷೆ, ಮಾದಕ ವಸ್ತುಗಳ ಬಳಕೆ, ಭಯಾನಕತೆ. ಈ ಪಟ್ಟಿ ನಾನು ಕಟ್ಟಿದ್ದಲ್ಲ. ಆನ್‌ಲೈನ್ ವೇದಿಕೆಗಳಿಗಾಗಿ 2021ರಲ್ಲಿ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲಿ ವಯೋವರ್ಗೀಕರಣಕ್ಕೆ ಇವೇ ಅಂಶಗಳಿವೆ, ಮತ್ತು ಚಿತ್ರಮಂದಿರದ ಚಿತ್ರಗಳನ್ನು ಅಳೆಯುವಾಗಲೂ ಚರ್ಚೆ ಬಹುಮಟ್ಟಿಗೆ ಇವುಗಳ ಸುತ್ತಲೇ ನಡೆಯುತ್ತದೆ. ಗುರುತು ಹಾಕಿದ ಪ್ರತಿ ಜಾಗದಲ್ಲೂ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವ ಸಂದರ್ಭದಲ್ಲಿ ಬರುತ್ತದೆ? ಎಷ್ಟು ವಿವರವಾಗಿ ಕಾಣಿಸುತ್ತದೆ? ಎಷ್ಟು ಸಲ ಬರುತ್ತದೆ? ಇದನ್ನು ಮಾಡಿದ ಪಾತ್ರದ ಬಗ್ಗೆ ಚಿತ್ರದ ನಿಲುವೇನು?

ಹಿಂಸೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಒಬ್ಬನು ಇನ್ನೊಬ್ಬನಿಗೆ ಚಾಕುವಿನಿಂದ ಇರಿಯುತ್ತಾನೆ ಎಂಬ ಒಂದೇ ಸಾಲನ್ನು ಹಲವು ರೀತಿಯಲ್ಲಿ ಚಿತ್ರಿಸಬಹುದು. ಇರಿತ ತೆರೆಯ ಆಚೆ ನಡೆದು, ಅದನ್ನು ನೋಡುತ್ತಿರುವವಳ ಮುಖವನ್ನಷ್ಟೇ ನಾವು ಕಂಡರೆ ಒಂದು ಬಗೆ. ಚಾಕು ಒಳಹೋಗುವುದನ್ನು ಹತ್ತಿರದಿಂದ, ರಕ್ತ ಚಿಮ್ಮುವ ಸದ್ದಿನೊಂದಿಗೆ ತೋರಿಸಿದರೆ ಇನ್ನೊಂದು ಬಗೆ. ಅದೇ ಇರಿತವನ್ನು ನಿಧಾನಗತಿಯಲ್ಲಿ, ವಿಜೃಂಭಣೆಯ ಹಿನ್ನೆಲೆ ಸಂಗೀತದೊಂದಿಗೆ, ಇರಿದವನು ಮೆಚ್ಚುಗೆಗೆ ಪಾತ್ರನೆಂಬಂತೆ ತೋರಿಸಿದರೆ ಮೂರನೆಯ ಬಗೆ. ಮೂರನೆಯದರಲ್ಲಿ ರಕ್ತ ಎರಡನೆಯದಕ್ಕಿಂತ ಕಡಿಮೆಯಿದ್ದರೂ ಚಿಕ್ಕವರ ಮೇಲೆ ಅದರ ಪರಿಣಾಮ ಕಡಿಮೆಯೆಂದು ಹೇಳಲಾಗದು. ರಕ್ತದ ಪ್ರಮಾಣವನ್ನೊಂದೇ ಅಳೆದು ‘ನಮ್ಮಲ್ಲಿ ಅಂಥದ್ದೇನಿಲ್ಲ’ ಎಂದುಕೊಳ್ಳುವ ನಿರ್ದೇಶಕರು ನಿರಾಶರಾಗುವುದು ಇಲ್ಲಿಯೇ. ಮಂಡಳಿ ಅನುಸರಿಸುವ 1991ರ ಮಾರ್ಗಸೂಚಿಗಳಲ್ಲಿ ಹಿಂಸೆಯಂಥ ಸಮಾಜವಿರೋಧಿ ಕೃತ್ಯಗಳನ್ನು ವೈಭವೀಕರಿಸಬಾರದು ಎಂಬುದೇ ಮೊದಲ ಸೂಚನೆ. ಅಪರಾಧಿಗಳು ಅನುಸರಿಸುವ ವಿಧಾನವನ್ನು ಇತರರು ಕಲಿತುಕೊಳ್ಳುವಂತೆ ತೋರಿಸುವುದು, ಹಿಂಸೆಯಲ್ಲಿ ಮಕ್ಕಳನ್ನು ಅನಗತ್ಯವಾಗಿ ತೊಡಗಿಸುವುದು, ಅಂಗವಿಕಲರನ್ನು ಗೇಲಿ ಮಾಡುವುದು, ಮದ್ಯಪಾನವನ್ನು ಸಮರ್ಥಿಸುವುದು, ದ್ವಂದ್ವಾರ್ಥದ ಮಾತು, ಮಹಿಳೆಯರನ್ನು ಹೀನಾಯವಾಗಿ ಚಿತ್ರಿಸುವುದು, ಜಾತಿ ಧರ್ಮಗಳನ್ನು ಅವಹೇಳನ ಮಾಡುವುದು ಇವೆಲ್ಲ ಅದೇ ಪಟ್ಟಿಯಲ್ಲಿವೆ. ಮಹಿಳೆಯರ ಮೇಲಿನ ಲೈಂಗಿಕ ಹಿಂಸೆಯ ವಿಷಯದಲ್ಲಿ ಸೂಚನೆ ಇನ್ನೂ ಬಿಗಿಯಾಗಿದೆ: ಸಾಧ್ಯವಾದಷ್ಟು ತೋರಿಸದೆ ಇರಬೇಕು, ಕಥೆಗೆ ಅನಿವಾರ್ಯವಾದರೆ ಕನಿಷ್ಠ ಮಟ್ಟದಲ್ಲಿ, ವಿವರಗಳಿಲ್ಲದೆ ತೋರಿಸಬೇಕು.

ಹಾಗೆಂದು ಈ ಪಟ್ಟಿಯಲ್ಲಿರುವ ಯಾವುದನ್ನೂ ಮುಟ್ಟಬಾರದು ಎಂದು ಹೆದರಬೇಡಿ. ಅದೇ ಮಾರ್ಗಸೂಚಿ ಚಿತ್ರವನ್ನು ಬಿಡಿ ದೃಶ್ಯಗಳಾಗಿ ನೋಡದೆ ಅದರ ಒಟ್ಟು ಪರಿಣಾಮದಿಂದ ಅಳೆಯಬೇಕು, ಕಥೆ ನಡೆಯುವ ಕಾಲವನ್ನೂ ಅದು ಸಂಬಂಧಿಸಿದ ಜನರ ಇಂದಿನ ಮಾನದಂಡವನ್ನೂ ಗಮನಿಸಬೇಕು, ಕಲಾತ್ಮಕ ಅಭಿವ್ಯಕ್ತಿಯನ್ನು ಅನಗತ್ಯವಾಗಿ ಮೊಟಕುಗೊಳಿಸಬಾರದು ಎಂದೂ ಹೇಳುತ್ತದೆ. ‘ಬ್ಯಾಂಡಿಟ್ ಕ್ವೀನ್’ ಚಿತ್ರದ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದು, ಅತ್ಯಾಚಾರ ಮತ್ತು ನಗ್ನತೆಯ ದೃಶ್ಯಗಳನ್ನು ಕಥೆಯ ಸಂದರ್ಭದಿಂದ ಬೇರ್ಪಡಿಸಿ ನೋಡಲಾಗದು ಎಂದು ಅದರ ‘ಎ’ ಪ್ರಮಾಣಪತ್ರವನ್ನು ಉಳಿಸಿತು. ಕಠಿಣ ವಸ್ತುವಿಗೆ ಜಾಗವಿದೆ. ಆ ಜಾಗ ದೊಡ್ಡವರ ನಡುವೆ ಇದ್ದೀತು, ಅಷ್ಟೆ.

ಗುರುತು ಹಾಕಿ ಮುಗಿದ ಮೇಲೆ ನಿಮ್ಮ ಚಿತ್ರ ಯಾವ ಗೆರೆಯ ಹತ್ತಿರ ನಿಂತಿದೆ ಎಂದು ನೋಡಿ. ನನ್ನ ಅಂದಾಜಿನ ಮಾನದಂಡ ಹೀಗಿದೆ. ಇದು ಕಾನೂನಿನ ಪಠ್ಯವಲ್ಲ, ಅಭ್ಯಾಸದಿಂದ ಬಂದ ತಿಳಿವಳಿಕೆ. ಸಣ್ಣ ಮಗು ಭಯಪಟ್ಟರೂ ಬೇಗ ಸಮಾಧಾನ ಸಿಗುವಂಥ ಅಪಾಯ, ಗಾಯ ಕಾಣದ ಹೊಡೆದಾಟ, ಒಬ್ಬ ಅಜ್ಜನ ಸಾವಿನಂಥ ದುಃಖ ಇವು ‘ಯು’ ಅಥವಾ ‘7+’ ಒಳಗೆ ನಿಲ್ಲುತ್ತವೆ. ಬೆದರಿಕೆ ಬಹುಹೊತ್ತು ಮುಂದುವರಿದರೆ, ಗಾಯ ಕಂಡರೆ, ಬೈಗುಳ ಮರುಕಳಿಸಿದರೆ, ಆತ್ಮಹತ್ಯೆ ಅಥವಾ ಕೌಟುಂಬಿಕ ದೌರ್ಜನ್ಯ ಕಥೆಯ ಭಾಗವಾದರೆ ‘13+’ ಎಂದು ಎಣಿಸಿ. ಹಿಂಸೆಯೇ ಕಥೆಯ ನಡೆಯಾಗಿದ್ದರೆ, ಮಾದಕ ವಸ್ತುಗಳ ಬಳಕೆ ಕಾಣಿಸಿದರೆ, ಲೈಂಗಿಕ ವಿಷಯ ನೇರವಾಗಿ ಪ್ರಸ್ತಾಪವಾದರೆ ‘16+’. ಇದರಿಂದಾಚೆ ವಿವರಗಳು ಹೆಚ್ಚಾದಂತೆ ‘ಎ’ ಹತ್ತಿರ ಬರುತ್ತದೆ. ಕಥಾವಸ್ತುವೊಂದೇ ವರ್ಗವನ್ನು ಮೇಲೇರಿಸಬಹುದು ಎಂಬುದನ್ನೂ ಗಮನಿಸಿ: ಒಂದೂ ಕೆಟ್ಟ ಮಾತಿಲ್ಲದ, ಒಂದೂ ಹೊಡೆತವಿಲ್ಲದ ಚಿತ್ರ ಮಗುವಿನ ಮೇಲಿನ ಶೋಷಣೆಯ ಕುರಿತಾಗಿದ್ದರೆ ಅದನ್ನು ಏಳು ವರ್ಷದವರಿಗೆ ಒಪ್ಪಿಸಲು ಯಾರೂ ಸುಲಭವಾಗಿ ಮುಂದಾಗಲಾರರು.

ಈಗ ನಿಮ್ಮ ಮುಂದೆ ಎರಡು ದಾರಿಗಳಿವೆ. ಚಿತ್ರ ನಿಜವಾಗಿಯೂ ದೊಡ್ಡವರಿಗಾಗಿ ಇದ್ದರೆ ‘ಎ’ ಎಂದು ಒಪ್ಪಿಕೊಂಡು, ಅದರಂತೆ ಮಾರುಕಟ್ಟೆಯ ಲೆಕ್ಕ ಹಾಕಿ ಮುಂದುವರಿಯಿರಿ. ಕುಟುಂಬದ ಪ್ರೇಕ್ಷಕರು ಬೇಕಿದ್ದರೆ ಚಿತ್ರೀಕರಣಕ್ಕೆ ಮೊದಲೇ ಆ ದೃಶ್ಯಗಳನ್ನು ಬೇರೆ ರೀತಿ ಯೋಚಿಸಿ, ಅನುಮಾನವಿರುವ ಕಡೆ ಪರ್ಯಾಯ ಕೋನದ ಶಾಟ್ ಕೂಡ ತೆಗೆದಿಟ್ಟುಕೊಳ್ಳಿ. ಹೀಗೆ ನಿರ್ಧರಿಸದೆ ಎರಡಕ್ಕೂ ಆಸೆಪಟ್ಟು ತೆಗೆದ ಚಿತ್ರದಲ್ಲಿ ಕೊನೆಗೆ ಕತ್ತರಿಸಿದ ಜಾಗಗಳೆಲ್ಲ ಗಾಯದಂತೆ ಕಾಣುತ್ತವೆ. ಇದನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ತಪ್ಪು ದೃಶ್ಯದಲ್ಲಿರುವುದಿಲ್ಲ, ಯಾರಿಗಾಗಿ ಈ ಚಿತ್ರ ಎಂದು ಕೇಳಿಕೊಳ್ಳದೆ ಹೋದುದರಲ್ಲಿ ಇರುತ್ತದೆ.

ಹಂತ 3: ಚಿತ್ರೀಕರಣದ ಸಮಯದಲ್ಲೇ ಸೇರಿಸಿಕೊಳ್ಳಬೇಕಾದ ಕಾಗದಗಳು

ಪ್ರಾಣಿಗಳಿದ್ದರೆ ಎಚ್ಚರ. ಎತ್ತು, ನಾಯಿ, ಹಕ್ಕಿ ಯಾವುದನ್ನೇ ಆದರೂ ಅಭಿನಯಕ್ಕೆ ಬಳಸುವುದಾದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಚಿತ್ರೀಕರಣಕ್ಕೆ ಮೊದಲೇ ಪಡೆದು, ನಂತರ ಅದರಿಂದ ನಿರಾಕ್ಷೇಪಣಾ ಪತ್ರವನ್ನೂ ಪಡೆಯಬೇಕು. ಪ್ರಮಾಣೀಕರಣದ ಅರ್ಜಿಯೊಂದಿಗೆ ಆ ಪತ್ರ ಬೇಕಾಗುತ್ತದೆ. ಹಿನ್ನೆಲೆಯಲ್ಲಿ ಹಾದುಹೋದ ಹಸುವಿಗೂ ವಿವರಣೆ ಕೊಡಬೇಕಾದ ಸಂದರ್ಭ ಬರಬಹುದು, ಆದ್ದರಿಂದ ಪ್ರಾಣಿ ಕಾಣುವ ಪ್ರತಿ ಶಾಟ್‌ನ ಪಟ್ಟಿಯನ್ನು ಸಹಾಯಕ ನಿರ್ದೇಶಕರೊಬ್ಬರಿಗೆ ವಹಿಸಿ. ಕಂಪ್ಯೂಟರ್‌ನಲ್ಲಿ ಸೃಷ್ಟಿಸಿದ ಪ್ರಾಣಿಯಾಗಿದ್ದರೆ ಅದಕ್ಕೆ ಸಂಬಂಧಿಸಿದ ದಾಖಲೆಯನ್ನು ಗ್ರಾಫಿಕ್ಸ್ ಮಾಡಿದವರಿಂದ ಪಡೆದಿಡಿ.

ತಂಬಾಕಿನ ವಿಷಯವೂ ಹೀಗೆಯೇ. ಚಿತ್ರದಲ್ಲಿ ಧೂಮಪಾನ ಅಥವಾ ತಂಬಾಕು ಉತ್ಪನ್ನ ಕಾಣಿಸಿದರೆ, 2012ರಿಂದ ಜಾರಿಯಲ್ಲಿರುವ ನಿಯಮಗಳಂತೆ ಆರಂಭದಲ್ಲೂ ಮಧ್ಯದಲ್ಲೂ 30 ಸೆಕೆಂಡಿನ ಆರೋಗ್ಯ ಸಂದೇಶ, 20 ಸೆಕೆಂಡಿನ ಧ್ವನಿ ಸಹಿತ ಎಚ್ಚರಿಕೆ, ಆ ದೃಶ್ಯ ನಡೆಯುವಷ್ಟೂ ಹೊತ್ತು ತೆರೆಯ ಕೆಳಭಾಗದಲ್ಲಿ ಎಚ್ಚರಿಕೆಯ ಸಾಲು ಇರಬೇಕು. ಉತ್ಪನ್ನದ ಬ್ರಾಂಡ್ ಹೆಸರು ಕಾಣಬಾರದು. ಪಾತ್ರದ ಕೈಗೆ ಸಿಗರೇಟು ಕೊಡುವ ಮೊದಲು ಇದನ್ನೆಲ್ಲ ನೆನೆಸಿಕೊಂಡರೆ, ಅದು ಕಥೆಗೆ ಬೇಕೇ ಎಂಬ ಪ್ರಶ್ನೆಗೆ ಉತ್ತರ ಬೇಗ ಸಿಗುತ್ತದೆ.

ಶೀರ್ಷಿಕೆಯನ್ನು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಂಥ ಸಂಸ್ಥೆಯಲ್ಲಿ ನೋಂದಾಯಿಸುವುದು ಉದ್ಯಮದ ರೂಢಿ. ಆದಷ್ಟು ಬೇಗ ಮಾಡಿಸಿಕೊಳ್ಳಿ. ಕಥೆ, ಸಂಗೀತ, ಹಾಡುಗಳ ಹಕ್ಕಿನ ಕರಾರುಗಳನ್ನೂ ಅದೇ ಕಡತದಲ್ಲಿ ಇಡಿ.

ಹಂತ 4: ಅರ್ಜಿ

ಅರ್ಜಿ ಈಗ ಮಂಡಳಿಯ ‘ಇ-ಸಿನೆಪ್ರಮಾಣ್’ ಎಂಬ ಆನ್‌ಲೈನ್ ತಾಣದ ಮೂಲಕ ಸಲ್ಲುತ್ತದೆ. ನಿರ್ಮಾಪಕರ ಹೆಸರಿನಲ್ಲಿ ಖಾತೆ ತೆರೆದು, ಚಿತ್ರದ ವಿವರ, ಅವಧಿ, ಕಥಾಸಾರಾಂಶ, ಸಂಭಾಷಣೆಯ ಪೂರ್ಣ ಪಠ್ಯ, ಹಾಡುಗಳ ಸಾಹಿತ್ಯ, ಕಲಾವಿದರ ಮತ್ತು ತಂತ್ರಜ್ಞರ ಪಟ್ಟಿ, ಮೇಲೆ ಹೇಳಿದ ಪತ್ರಗಳು ಇವನ್ನೆಲ್ಲ ಸೇರಿಸಿ ಶುಲ್ಕ ಕಟ್ಟಬೇಕು. ಶುಲ್ಕ ಚಿತ್ರದ ಅವಧಿಯನ್ನು ಅವಲಂಬಿಸಿರುತ್ತದೆ. ಸಂಭಾಷಣೆಯ ಪಠ್ಯ ಎಂದರೆ ಚಿತ್ರೀಕರಣಕ್ಕೆ ಮೊದಲಿನ ಪ್ರತಿಯಲ್ಲ. ಡಬ್ಬಿಂಗ್ ಮುಗಿದ ಮೇಲೆ ತೆರೆಯಲ್ಲಿ ಕೇಳಿಸುವ ಮಾತುಗಳ ಪ್ರತಿ. ಡಬ್ಬಿಂಗ್‌ನಲ್ಲಿ ಕಲಾವಿದರು ಸೇರಿಸಿದ ಒಂದು ಬೈಗುಳ ಪಠ್ಯದಲ್ಲಿ ಇಲ್ಲದಿದ್ದರೆ ಅದು ಅನಗತ್ಯ ಗೊಂದಲಕ್ಕೆ ಕಾರಣವಾಗುತ್ತದೆ.

ಚಿತ್ರ ಎಲ್ಲ ರೀತಿಯಲ್ಲೂ ಪೂರ್ಣವಾಗಿರಬೇಕು. ರೀರೆಕಾರ್ಡಿಂಗ್, ಅಂದರೆ ಹಿನ್ನೆಲೆ ಸಂಗೀತದ ಜೋಡಣೆ, ಆಗಿರಬೇಕು. ಶಬ್ದ ಪರಿಣಾಮಗಳು, ಗ್ರಾಫಿಕ್ಸ್, ಶೀರ್ಷಿಕೆ ಫಲಕಗಳು ಎಲ್ಲವೂ ಇರಬೇಕು. ಇದು ಬರಿಯ ಔಪಚಾರಿಕತೆಯಲ್ಲ. ಭಯವನ್ನೂ ಹಿಂಸೆಯ ತೀವ್ರತೆಯನ್ನೂ ಅರ್ಧಕ್ಕರ್ಧ ಹೊತ್ತು ತರುವುದು ಸದ್ದು; ಸದ್ದಿಲ್ಲದ ಪ್ರತಿಯಿಂದ ವಯಸ್ಸನ್ನು ನಿರ್ಧರಿಸಲಾಗದು.

ಅತಿ ಸಾಮಾನ್ಯವಾದ ತಪ್ಪು ಈ ಹಂತದ್ದು: ಪ್ರಮಾಣಪತ್ರ ಕೈಗೆ ಬರುವ ಮೊದಲೇ ಬಿಡುಗಡೆಯ ದಿನಾಂಕ ಘೋಷಿಸುವುದು. ಹಾಗೆ ಮಾಡಿದವರು ಸಮಿತಿಯ ಮುಂದೆ ಕೂರುವಾಗ ಚಿತ್ರದ ಪರವಾಗಿ ಮಾತನಾಡುವ ಬಲವನ್ನು ಕಳೆದುಕೊಂಡಿರುತ್ತಾರೆ. ಶುಕ್ರವಾರ ಹತ್ತಿರ ಬಂದಾಗ ಯಾವ ಕಟ್ ಹೇಳಿದರೂ ಒಪ್ಪುವ ಸ್ಥಿತಿ ಬರುತ್ತದೆ. ನಿಜವಾದ ತುರ್ತಿದ್ದರೆ 2024ರ ಪ್ರಮಾಣೀಕರಣ ನಿಯಮಗಳಲ್ಲಿ ಆದ್ಯತೆಯ ವೀಕ್ಷಣೆಗೆ ಅವಕಾಶವಿದೆ. ಆದರೆ ಅದನ್ನು ಆಧರಿಸಿ ಯೋಜನೆ ಹಾಕಬೇಡಿ.

ಹಂತ 5: ಪರಿಶೀಲನಾ ಸಮಿತಿಯ ವೀಕ್ಷಣೆ

ಚಿತ್ರವನ್ನು ಮೊದಲು ನೋಡುವುದು ಪರಿಶೀಲನಾ ಸಮಿತಿ. ಪೂರ್ಣಾವಧಿ ಚಿತ್ರವಾದರೆ ಪ್ರಾದೇಶಿಕ ಸಲಹಾ ಮಂಡಳಿಯಿಂದ ಆಯ್ದ ನಾಲ್ವರು ಸದಸ್ಯರೂ ಒಬ್ಬ ಪರಿಶೀಲನಾಧಿಕಾರಿಯೂ ಇರುತ್ತಾರೆ. ಕಿರುಚಿತ್ರಕ್ಕೆ ಸಮಿತಿ ಚಿಕ್ಕದು. ಸದಸ್ಯರಲ್ಲಿ ಮಹಿಳೆಯರಿಗೂ ಸ್ಥಾನವಿದೆ. ಇವರು ಸಿನಿಮಾ ವಿಮರ್ಶಕರೇ ಆಗಿರಬೇಕೆಂದಿಲ್ಲ, ಸಮಾಜದ ಬೇರೆ ಬೇರೆ ಕ್ಷೇತ್ರಗಳಿಂದ ಬಂದವರಿರುತ್ತಾರೆ. ವೀಕ್ಷಣೆ ಗೋಪ್ಯವಾಗಿದ್ದು, ಅರ್ಜಿದಾರರು ಒಳಗಿರುವಂತಿಲ್ಲ. ಚಿತ್ರ ಮುಗಿದ ಮೇಲೆ ಪ್ರತಿ ಸದಸ್ಯರೂ ತಮ್ಮ ಅಭಿಪ್ರಾಯವನ್ನು ಲಿಖಿತವಾಗಿ ದಾಖಲಿಸುತ್ತಾರೆ: ಯಾವ ವರ್ಗ, ಯಾವ ಬದಲಾವಣೆ, ಯಾವ ಕಾರಣಕ್ಕೆ.

ಬದಲಾವಣೆ ಹೇಳುವ ಮೊದಲು ಅಥವಾ ನೀವು ಕೇಳಿದ್ದಕ್ಕಿಂತ ಬೇರೆ ವರ್ಗ ಕೊಡುವ ಮೊದಲು ನಿಮ್ಮ ಮಾತು ಕೇಳಬೇಕೆಂದು ಕಾಯ್ದೆಯ 4ನೇ ಕಲಮು ಹೇಳುತ್ತದೆ. ಈ ಅವಕಾಶವನ್ನು ಹಾಳುಮಾಡಿಕೊಳ್ಳಬೇಡಿ. ನಿರ್ದೇಶಕರು ಖುದ್ದಾಗಿ ಹೋಗಲಿ. ‘ಬೇರೆ ಚಿತ್ರದಲ್ಲಿ ಇದಕ್ಕಿಂತ ಹೆಚ್ಚಿತ್ತು’ ಎಂಬ ವಾದದಿಂದ ಪ್ರಯೋಜನ ಕಡಿಮೆ, ಏಕೆಂದರೆ ಸಮಿತಿಯ ಮುಂದಿರುವುದು ನಿಮ್ಮ ಚಿತ್ರ. ಬದಲಿಗೆ ಎರಡನೆಯ ಹಂತದಲ್ಲಿ ಮಾಡಿಟ್ಟುಕೊಂಡ ಟಿಪ್ಪಣಿ ತೆಗೆದು, ಈ ದೃಶ್ಯ ಯಾವ ಸಂದರ್ಭದಲ್ಲಿದೆ, ಇದನ್ನು ತೆಗೆದರೆ ಕಥೆಯ ಯಾವ ಎಳೆ ಕಡಿಯುತ್ತದೆ, ಚಿತ್ರ ಈ ಕೃತ್ಯದ ಪರ ನಿಲ್ಲುತ್ತದೆಯೇ ವಿರುದ್ಧವೇ ಎಂದು ಶಾಂತವಾಗಿ ವಿವರಿಸಿ.

ಹಂತ 6: ಬಂದ ತೀರ್ಮಾನವನ್ನು ಓದುವುದು

ತೀರ್ಮಾನ ನಾಲ್ಕು ಬಗೆಯಲ್ಲಿ ಬರಬಹುದು: ಕೇಳಿದ ವರ್ಗ ಹಾಗೆಯೇ ಸಿಗುವುದು, ಬೇರೆ ವರ್ಗ ಸಿಗುವುದು, ಬದಲಾವಣೆಗಳ ಷರತ್ತಿನೊಂದಿಗೆ ವರ್ಗ ಸಿಗುವುದು, ನಿರಾಕರಣೆ. ಮೂರನೆಯದು ಬಂದಾಗ ಪಟ್ಟಿಯ ಪದಗಳನ್ನು ಸರಿಯಾಗಿ ತಿಳಿಯಿರಿ. ‘ಡಿಲೀಟ್’ ಎಂದರೆ ಚಿತ್ರಿಕೆಯನ್ನೇ, ಅಂದರೆ ಶಾಟನ್ನೇ ತೆಗೆಯುವುದು. ‘ಮ್ಯೂಟ್’ ಎಂದರೆ ಮಾತಿನ ಸದ್ದನ್ನಷ್ಟೇ ಅಳಿಸುವುದು. ‘ರಿಪ್ಲೇಸ್’ ಎಂದರೆ ಬೇರೆ ಶಾಟ್ ಅಥವಾ ಪದವನ್ನು ಆ ಜಾಗದಲ್ಲಿ ಇಡುವುದು. ‘ರೆಡ್ಯೂಸ್’ ಎಂದರೆ ದೃಶ್ಯವನ್ನು ಉಳಿಸಿ ಅವಧಿ ಕುಗ್ಗಿಸುವುದು. ‘ಡಿಸ್‌ಕ್ಲೈಮರ್’ ಎಂದರೆ ಆರಂಭದಲ್ಲಿ ಹಾಕುವ ಸ್ಪಷ್ಟೀಕರಣದ ಸಾಲುಗಳು. ಡಿಲೀಟ್ ಎಂದಿರುವ ಕಡೆ ರಿಪ್ಲೇಸ್ ಮಾಡಬಹುದೇ ಎಂದು ಕೇಳಿ ನೋಡಿ. ಲಯ ಕೆಡದಂತೆ ಉಳಿಸಿಕೊಳ್ಳಲು ಅದು ಉತ್ತಮ ದಾರಿ, ಮತ್ತು ನೀವು ತೆಗೆದಿಟ್ಟ ಪರ್ಯಾಯ ಶಾಟ್ ನೆರವಿಗೆ ಬರುವುದು ಈಗ.

ಒಪ್ಪಿದರೆ, ಬದಲಾವಣೆ ಮಾಡಿದ ಭಾಗಗಳನ್ನು ಸಮಯದ ಗುರುತಿನೊಂದಿಗೆ ಸಲ್ಲಿಸಿ. ಅವು ಪರಿಶೀಲನೆಯಾದ ಮೇಲೆ ಪ್ರಮಾಣಪತ್ರ ಬರುತ್ತದೆ. ತೆಗೆದ ಭಾಗಗಳ ವಿವರ ಪ್ರಮಾಣಪತ್ರದಲ್ಲೇ ದಾಖಲಾಗಿರುತ್ತದೆ.

ಹಂತ 7: ಒಪ್ಪಿಗೆಯಾಗದಿದ್ದರೆ

ನೀವು ತೀರ್ಮಾನವನ್ನು ಒಪ್ಪದಿದ್ದರೆ ರಿವೈಸಿಂಗ್ ಕಮಿಟಿ, ಅಂದರೆ ಮರುಪರಿಶೀಲನಾ ಸಮಿತಿಯ ಮುಂದೆ ಹೋಗಬಹುದು. ಇದರಲ್ಲಿ ಹೆಚ್ಚು ಸದಸ್ಯರಿರುತ್ತಾರೆ, ಮತ್ತು ಮೊದಲ ಸಮಿತಿಯಲ್ಲಿ ಚಿತ್ರ ನೋಡಿದ ಸಲಹಾ ಸದಸ್ಯರು ಇದರಲ್ಲಿ ಇರುವಂತಿಲ್ಲ. ಇಲ್ಲಿ ಅನೇಕರು ಮಾಡುವ ತಪ್ಪೊಂದಿದೆ: ಮೊದಲ ಸಮಿತಿ ಹೇಳಿದ್ದರಲ್ಲಿ ಕೆಲವನ್ನು ತಾವೇ ತಿದ್ದಿಕೊಂಡು, ‘ಸುಧಾರಿಸಿದ’ ಪ್ರತಿಯನ್ನು ಒಯ್ಯುವುದು. ಮೊದಲ ಸಮಿತಿ ನೋಡಿದ ಚಿತ್ರವನ್ನೇ, ಒಂದು ಚಿತ್ರಿಕೆಯೂ ಬದಲಾಗದಂತೆ ಎರಡನೆಯ ಸಮಿತಿಗೂ ತೋರಿಸಬೇಕು.

ಅಲ್ಲಿಯೂ ಸಮಾಧಾನವಾಗದಿದ್ದರೆ ಹೈಕೋರ್ಟ್. ಹಿಂದೆ ಇದಕ್ಕೆಂದೇ ಮೇಲ್ಮನವಿ ನ್ಯಾಯಮಂಡಳಿಯೊಂದಿತ್ತು. 2021ರಲ್ಲಿ ಅದನ್ನು ರದ್ದುಪಡಿಸಿದ ಮೇಲೆ ಆದೇಶದ 30 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬೇಕಾಗಿದೆ. ಸಣ್ಣ ನಿರ್ಮಾಪಕರಿಗೆ ಇದು ಖರ್ಚಿನ, ಕಾಯುವ ದಾರಿ ಎಂಬುದು ನನ್ನ ಅಭಿಪ್ರಾಯ, ಆ ನ್ಯಾಯಮಂಡಳಿ ಇಲ್ಲವಾದುದು ನಷ್ಟವೇ. ಆದರೂ ವರ್ಗದ ಬಗ್ಗೆ ಪ್ರಶ್ನಿಸುವುದು ಕ್ಷುಲ್ಲಕವೆಂದು ಭಾವಿಸಬೇಡಿ. ಭಾರತದ ಚಲನಚಿತ್ರ ಕಾನೂನಿನಲ್ಲಿ ಇಂದಿಗೂ ಉಲ್ಲೇಖಗೊಳ್ಳುವ ನಿರ್ದೇಶಕ ಕೆ. ಎ. ಅಬ್ಬಾಸ್ ಅವರ 1970ರ ಪ್ರಕರಣ ಹುಟ್ಟಿದ್ದೇ ಒಂದು ಕಿರು ಸಾಕ್ಷ್ಯಚಿತ್ರಕ್ಕೆ ಅವರು ‘ಯು’ ಕೇಳಿದಾಗ ಮಂಡಳಿ ‘ಎ’ ಎಂದದ್ದರಿಂದ. ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಚಿತ್ರಗಳ ಪೂರ್ವಪರಿಶೀಲನೆಯನ್ನೂ ವಯಸ್ಸಿನ ವಿಂಗಡಣೆಯನ್ನೂ ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು.

ಹಂತ 8: ಪ್ರಮಾಣಪತ್ರ ಬಂದ ಮೇಲೆ

ಪ್ರಮಾಣಪತ್ರವನ್ನು ಚಿತ್ರದ ಆರಂಭದಲ್ಲಿ ತೋರಿಸಬೇಕು. ಪೋಸ್ಟರ್, ಪತ್ರಿಕಾ ಜಾಹೀರಾತು, ಫಲಕಗಳಲ್ಲಿ ವರ್ಗವನ್ನು ನಮೂದಿಸಬೇಕು. ‘ಯು/ಎ’ ಎಂದಷ್ಟೇ ಬರೆದು ಅಂಕಿಯನ್ನು ಬಿಡಬೇಡಿ. ಪೋಷಕರಿಗೆ ಬೇಕಾಗಿರುವುದೇ ಆ ಅಂಕಿ.

ಪ್ರಮಾಣಪತ್ರದ ಬಳಿಕ ಚಿತ್ರದಲ್ಲಿ ಏನನ್ನೇ ಬದಲಿಸಿದರೂ, ಹಾಡೊಂದನ್ನು ಸೇರಿಸಿದರೂ, ಉದ್ದವೆನಿಸಿ ಹತ್ತು ನಿಮಿಷ ತೆಗೆದರೂ ಮಂಡಳಿಗೆ ತಿಳಿಸಿ ಅನುಮೋದನೆ ಪಡೆಯಬೇಕು. ತೆಗೆದ ಭಾಗವನ್ನು ಚಿತ್ರಮಂದಿರದ ಪ್ರತಿಯಲ್ಲಿ ಮತ್ತೆ ಸೇರಿಸುವುದನ್ನು ‘ಇಂಟರ್‌ಪೊಲೇಷನ್’ ಎನ್ನುತ್ತಾರೆ. ಮೇಲೆ ಹೇಳಿದ 7ನೇ ಕಲಮಿನಲ್ಲಿ ಇದಕ್ಕೂ ಶಿಕ್ಷೆ ಇದೆ. ಹಿಂದೆ ಪ್ರಮಾಣಪತ್ರದ ಅವಧಿ ಹತ್ತು ವರ್ಷವಿತ್ತು, 2023ರ ತಿದ್ದುಪಡಿಯ ನಂತರ ಅದು ಶಾಶ್ವತ.

ದೂರದರ್ಶನ ವಾಹಿನಿಗಳಿಗೆ ‘ಎ’ ಚಿತ್ರ ಹಾಗೆಯೇ ಹೋಗುವುದಿಲ್ಲ. ಸೂಕ್ತ ಬದಲಾವಣೆ ಮಾಡಿ ಅದಕ್ಕೆಂದೇ ಬೇರೆ ಪ್ರಮಾಣಪತ್ರ ಪಡೆಯಬಹುದು. ವಾಹಿನಿಯ ಹಕ್ಕು ಮಾರುವ ಕರಾರಿನಲ್ಲಿ ಆ ಬದಲಾವಣೆಯ ಖರ್ಚು ಮತ್ತು ಹೊಣೆ ಯಾರದೆಂದು ಮೊದಲೇ ಬರೆಸಿಕೊಳ್ಳಿ.

ಆನ್‌ಲೈನ್ ವೇದಿಕೆಗಳು 2021ರ ನಿಯಮಗಳಂತೆ ತಾವೇ ವರ್ಗೀಕರಿಸುತ್ತವೆ: ‘ಯು’, ‘ಯು/ಎ 7+’, ‘ಯು/ಎ 13+’, ‘ಯು/ಎ 16+’, ‘ಎ’. ‘13+’ ಮತ್ತು ಅದಕ್ಕಿಂತ ಮೇಲಿನವಕ್ಕೆ ಪೋಷಕರ ಬೀಗ, ‘ಎ’ಗೆ ವಯಸ್ಸು ದೃಢೀಕರಿಸುವ ವ್ಯವಸ್ಥೆ ಇರಬೇಕು. ವರ್ಗದ ಜೊತೆಗೆ ‘ಹಿಂಸೆ’, ‘ಒರಟು ಭಾಷೆ’ ಎಂಬಂಥ ಚಿಕ್ಕ ವಿವರಣೆಯನ್ನೂ ವೇದಿಕೆ ಕೊಡಬೇಕು. ವೇದಿಕೆಯವರು ಈ ವಿವರ ಕೇಳಿದಾಗ ನೀವು ಹಂತ 2ರಲ್ಲಿ ಅಂಚಿನಲ್ಲಿ ಹಾಕಿಕೊಂಡ ಗುರುತುಗಳನ್ನೇ ಶುದ್ಧಪ್ರತಿ ಮಾಡಿ ಕಳುಹಿಸಬಹುದು. ಚಿತ್ರಮಂದಿರದ ವರ್ಗವೂ ವೇದಿಕೆಯ ವರ್ಗವೂ ಬೇರೆಯಾದರೆ, ಯಾವ ಪ್ರತಿ ಎಲ್ಲಿಗೆ ಹೋಗಿದೆ ಎಂಬ ದಾಖಲೆ ನಿಮ್ಮಲ್ಲಿರಲಿ.

ಕೊನೆಯದಾಗಿ, ಚಿತ್ರವನ್ನು ಬೇರೆ ಭಾಷೆಗೆ ಡಬ್ ಮಾಡಿ ಬಿಡುಗಡೆ ಮಾಡುವುದಾದರೆ ಆ ಭಾಷೆಯ ಪ್ರತಿಗೆ ಪ್ರತ್ಯೇಕ ಪ್ರಮಾಣಪತ್ರ ಬೇಕು. ಕನ್ನಡದಲ್ಲಿ ‘13+’ ಸಿಕ್ಕಿದ್ದರಿಂದ ಅಲ್ಲಿಯೂ ಅದೇ ಸಿಗುತ್ತದೆಂದು ಲೆಕ್ಕ ಹಾಕಬೇಡಿ. ಅನುವಾದದಲ್ಲಿ ಒಂದು ಬೈಗುಳದ ತೂಕ ಬದಲಾಗುತ್ತದೆ, ಆದ್ದರಿಂದ ಡಬ್ಬಿಂಗ್ ಸಂಭಾಷಣೆಯ ಮೇಲೂ ಅದೇ ಏಳು ಗುರುತುಗಳನ್ನು ಹಾಕಿ ಓದಿದ ನಂತರವೇ ಅರ್ಜಿ ಸಲ್ಲಿಸಿ.